ಗಬ್ಬ ಕಾಯುವುದೂ ಬಿಳಿ ರಕ್ತಕಣ, ಕಸ ಬೀಳಿಸುವುದೂ ಬಿಳಿ ರಕ್ತಕಣ



ನಮ್ಮ ಒಕ್ಕೂಟದ ಪಶುವೈದ್ಯರಿಗೆ ಬರುವ ಫೋನುಗಳಲ್ಲಿ ಮೂರು ದೂರುಗಳು ಸದಾ ಇದ್ದೇ ಇರುತ್ತವೆ. ಒಂದು, "ಮೂರು ಸಲ ಸೂಜಿ ಹಾಕಿಸಿದೆ, ಗಬ್ಬ ನಿಲ್ತಿಲ್ಲ." ಎರಡು, "ಏಳು ತಿಂಗಳಿಗೇ ಕಂದು ಹಾಕಿಬಿಡ್ತು." ಮೂರು, "ಕರು ಹಾಕಿ ಒಂದು ದಿನ ಆಯ್ತು, ಕಸ ಬಿದ್ದಿಲ್ಲ. ಬಂದು ಕೈ ಹಾಕಿ ತೆಗೀರಿ."

ಮೇಲ್ನೋಟಕ್ಕೆ ಇವು ಬೇರೆ ಬೇರೆ ತೊಂದರೆಗಳು. ಆದರೆ ಮೂರರಲ್ಲೂ ಹಸುವಿನ ರಕ್ತದಲ್ಲಿರುವ ಬಿಳಿ ಕಣಗಳ ಪಾತ್ರವಿದೆ. ಬಿಳಿ ರಕ್ತಕಣವೆಂದರೆ ರೋಗಾಣುಗಳ ಜೊತೆ ಹೋರಾಡುವ ಕಣ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಗಬ್ಬದ ವಿಷಯದಲ್ಲಿ ಅವು ಇನ್ನೂ ಹಲವು ಕೆಲಸ ಮಾಡುತ್ತವೆ. ಅದನ್ನು ತಿಳಿದುಕೊಂಡರೆ ಕೊಟ್ಟಿಗೆಯಲ್ಲಿ ನಾವು ಏನು ಮಾಡಬೇಕು, ಏನು ಮಾಡಬಾರದು ಎಂಬುದು ತಾನೇ ಸ್ಪಷ್ಟವಾಗುತ್ತದೆ.

ಹೊಟ್ಟೆಯ ಕರು ತಾಯಿಗೆ ಅರ್ಧ ಹೊರಗಿನದು

ಒಂದು ಹಸುವಿನ ಚರ್ಮದ ತುಂಡನ್ನು ಇನ್ನೊಂದು ಹಸುವಿಗೆ ಅಂಟಿಸಿದರೆ ಅದು ಹಿಡಿಯುವುದಿಲ್ಲ. ಇದು ನನ್ನದಲ್ಲ ಎಂದು ಬಿಳಿ ರಕ್ತಕಣಗಳು ಗುರುತಿಸಿ, ಕೆಲವೇ ವಾರಗಳಲ್ಲಿ ಅದನ್ನು ಕೊಳೆಯಿಸಿ ಬೀಳಿಸುತ್ತವೆ. ಹೊಟ್ಟೆಯಲ್ಲಿರುವ ಕರುವಿನಲ್ಲಿ ಅರ್ಧ ಪಾಲು ತಾಯಿಯದು, ಉಳಿದ ಅರ್ಧ ನೀವು ಹಾಕಿಸಿದ ವೀರ್ಯದ ಹೋರಿಯದು. ಅಂದರೆ ಅರ್ಧ ಪಾಲು ಹೊರಗಿನದೇ. ಹಾಗಿದ್ದರೂ ಒಂಬತ್ತು ತಿಂಗಳ ಮೇಲೆ ಕೆಲವು ದಿನ, ಸುಮಾರು 280 ದಿನ, ಹಸು ಅದನ್ನು ಹೊತ್ತು ಬೆಳೆಸುತ್ತದೆ. ಎಮ್ಮೆಯಾದರೆ ಸುಮಾರು 310 ದಿನ. ಇದು ಹೇಗೆ ಸಾಧ್ಯ?

ಈ ಪ್ರಶ್ನೆಯನ್ನು 1953ರಲ್ಲಿ ಸ್ಪಷ್ಟವಾಗಿ ಮುಂದಿಟ್ಟವರು ಇಂಗ್ಲೆಂಡಿನ ವಿಜ್ಞಾನಿ ಪೀಟರ್ ಮೆಡಾವರ್. ಅವರಿಗೆ ಈ ದಾರಿ ತೋರಿಸಿದವುಗಳಲ್ಲಿ ದನಗಳೂ ಇದ್ದವು. 1945ರಲ್ಲಿ ಅಮೆರಿಕದ ರೇ ಓವೆನ್ ಎಂಬ ವಿಜ್ಞಾನಿ, ಅವಳಿ ಕರುಗಳ ಮೈಯಲ್ಲಿ ಒಂದರ ರಕ್ತಕಣ ಇನ್ನೊಂದರಲ್ಲಿ ಸೇರಿಕೊಂಡು ಜೀವನಪೂರ್ತಿ ಇರುವುದನ್ನು ಕಂಡುಹಿಡಿದಿದ್ದರು. ಮೆಡಾವರ್ ಮತ್ತು ಅವರ ಜೊತೆಗಾರರು ಅವಳಿ ಕರುಗಳ ನಡುವೆ ಚರ್ಮ ಕಸಿ ಮಾಡಿ ನೋಡಿದಾಗ ಅದು ಹಿಡಿಯಿತು. ಹುಟ್ಟುವ ಮೊದಲೇ ಪರಿಚಯವಾದದ್ದನ್ನು ದೇಹ ತನ್ನದೆಂದು ಒಪ್ಪಿಕೊಳ್ಳುತ್ತದೆ ಎಂಬ ತಿಳಿವಳಿಕೆ ಬೆಳೆದದ್ದು ಹೀಗೆ. ಈ ದಿಕ್ಕಿನ ಕೆಲಸಕ್ಕೆ ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಇದರಲ್ಲಿ ನಿಮಗೊಂದು ಉಪಯೋಗದ ಮಾತಿದೆ. ಒಂದು ಗಂಡು, ಒಂದು ಹೆಣ್ಣು ಅವಳಿ ಕರು ಹುಟ್ಟಿದರೆ, ಹೊಟ್ಟೆಯಲ್ಲಿ ಇಬ್ಬರ ರಕ್ತನಾಳಗಳು ಕೂಡಿಕೊಂಡಿರುವುದರಿಂದ, ಆ ಹೆಣ್ಣು ಕರು ಹೆಚ್ಚಿನ ಪಾಲು ಬಂಜೆಯಾಗುತ್ತದೆ. ಹತ್ತರಲ್ಲಿ ಒಂಬತ್ತು ಹೀಗೇ. ನೋಡಲು ಲಕ್ಷಣವಾಗಿಯೇ ಬೆಳೆಯುತ್ತದೆ, ಬೆದೆಗೆ ಮಾತ್ರ ಬರುವುದಿಲ್ಲ. ಆದ್ದರಿಂದ ಅಂಥ ಕರುವನ್ನು ಎರಡು ವರ್ಷ ಸಾಕುವ ಮೊದಲೇ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಪಡ್ಡೆ ಕೊಳ್ಳುವಾಗಲೂ "ಇದು ಒಂಟಿ ಹುಟ್ಟಿದ್ದೋ, ಅವಳಿಯೋ" ಎಂದು ಕೇಳಿಬಿಡಿ.

ಮೊದಲ ಮೂರು ವಾರ: ನಾನಿದ್ದೇನೆ ಎಂಬ ಸುದ್ದಿ

ಸೂಜಿ ಹಾಕಿಸಿದ ಕೆಲವೇ ಗಂಟೆಯಲ್ಲಿ ಗರ್ಭಕೋಶಕ್ಕೆ ಬಿಳಿ ರಕ್ತಕಣಗಳು ಧಾವಿಸಿ ಬರುತ್ತವೆ. ಇವುಗಳಲ್ಲಿ ನ್ಯೂಟ್ರೋಫಿಲ್ ಎಂಬವು ಮುಖ್ಯ. ಸತ್ತ ವೀರ್ಯಾಣು, ಒಳಗೆ ಹೋದ ಕೊಳೆ, ರೋಗಾಣು ಎಲ್ಲವನ್ನೂ ನುಂಗಿ ಮನೆ ಗುಡಿಸಿದ ಹಾಗೆ ಚೊಕ್ಕ ಮಾಡಿ ಹಿಂದಿರುಗುತ್ತವೆ. ಅಷ್ಟರಲ್ಲಿ ಒಳ್ಳೆಯ ವೀರ್ಯಾಣು ಮೇಲಿನ ನಾಳದಲ್ಲಿ ಅಂಡವನ್ನು ಸೇರಿರುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ಭ್ರೂಣ ಗರ್ಭಕೋಶಕ್ಕೆ ಇಳಿಯುವ ಹೊತ್ತಿಗೆ ಮನೆ ಶಾಂತವಾಗಿರಬೇಕು.

13ನೇ ದಿನದಿಂದ ಭ್ರೂಣ ದುಂಡಗಿನ ಕಾಳಿನಿಂದ ಉದ್ದನೆಯ ದಾರದಂತೆ ಬೆಳೆಯತೊಡಗುತ್ತದೆ. 15ರಿಂದ 17ನೇ ದಿನದ ಹೊತ್ತಿಗೆ ಅದು ಇಂಟರ್‌ಫೆರಾನ್ ಟೌ ಎಂಬ ಪದಾರ್ಥವನ್ನು ಹೇರಳವಾಗಿ ಬಿಡುತ್ತದೆ. ಇಂಟರ್‌ಫೆರಾನ್ ಎಂದರೆ ಸಾಮಾನ್ಯವಾಗಿ ವೈರಸ್ ಬಂದಾಗ ದೇಹ ತಯಾರಿಸುವ ಎಚ್ಚರಿಕೆಯ ಪದಾರ್ಥ. ಅದೇ ಜಾತಿಯ ಪದಾರ್ಥವನ್ನು ಭ್ರೂಣ ತಾನಿರುವುದನ್ನು ತಾಯಿಗೆ ತಿಳಿಸಲು ಬಳಸುತ್ತದೆ ಎಂಬುದು ಕುರಿಗಳ ಮೇಲಿನ ಸಂಶೋಧನೆಯಿಂದ 1987ರಲ್ಲಿ ಬೆಳಕಿಗೆ ಬಂತು. ದನ, ಕುರಿ, ಮೇಕೆಯಂಥ ಮೆಲುಕು ಹಾಕುವ ಪ್ರಾಣಿಗಳಲ್ಲಿ ಮಾತ್ರ ಈ ವ್ಯವಸ್ಥೆ ಇದೆ.

ಈ ಸುದ್ದಿ ತಲುಪಿದರೆ ಎರಡು ಕೆಲಸ ಆಗುತ್ತದೆ. ಒಂದು, ಗಬ್ಬ ಉಳಿಸುವ ಪ್ರೊಜೆಸ್ಟರಾನ್ ತಯಾರಿಸುವ ಅಂಡಾಶಯದ ಹಳದಿ ಗಂಟು ಕರಗದೆ ಉಳಿಯುತ್ತದೆ. ಹಾಗಾಗಿ 21ನೇ ದಿನ ಹಸು ಬೆದೆಗೆ ಬರುವುದಿಲ್ಲ. ಎರಡು, ಬಿಳಿ ರಕ್ತಕಣಗಳ ನಡತೆ ಬದಲಾಗುತ್ತದೆ. ದಾಳಿ ಮಾಡುವ ಗುಣ ತಗ್ಗಿ, ಸಮಾಧಾನ ಮಾಡುವ ಗುಣ ಮೇಲೇಳುತ್ತದೆ. 18ರಿಂದ 20ನೇ ದಿನದ ಹೊತ್ತಿಗೆ ಕತ್ತಿನ ನಾಳದಿಂದ ತೆಗೆದ ರಕ್ತದ ಬಿಳಿ ಕಣಗಳಲ್ಲೂ ಈ ಬದಲಾವಣೆಯ ಗುರುತು ಸಿಗುತ್ತದೆ.

ಸುದ್ದಿ ತಲುಪದಿದ್ದರೆ? ಭ್ರೂಣ ಕಟ್ಟಿದ್ದರೂ ಹಳದಿ ಗಂಟು ಕರಗುತ್ತದೆ, ಹಸು ತಿರುಗಿ ಬೆದೆಗೆ ಬರುತ್ತದೆ. "ಸೂಜಿ ನಿಲ್ಲಲಿಲ್ಲ" ಎಂದು ನಾವು ಹೇಳುವ ಎಷ್ಟೋ ಸಂದರ್ಭಗಳಲ್ಲಿ ಭ್ರೂಣ ಕಟ್ಟಿರುತ್ತದೆ, ಆದರೆ ಉಳಿದಿರುವುದಿಲ್ಲ.

ಇದಕ್ಕೆ ಒಂದು ದೊಡ್ಡ ಕಾರಣ ಗರ್ಭಕೋಶದ ಒಳಗಿನ ಉರಿಯೂತ. ಕರು ಹಾಕಿದ ಮೊದಲ ಎರಡು ವಾರ ಹೆಚ್ಚುಕಡಿಮೆ ಎಲ್ಲ ಹಸುಗಳ ಗರ್ಭಕೋಶಕ್ಕೂ ರೋಗಾಣು ಸೇರಿರುತ್ತದೆ. ಬಿಳಿ ರಕ್ತಕಣಗಳು ಅವನ್ನು ಕ್ರಮೇಣ ತೆಗೆದುಹಾಕುತ್ತವೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು 40ರಿಂದ 45 ದಿನ ಬೇಕು. ಕೆಲವು ಹಸುಗಳಲ್ಲಿ ಈ ಸ್ವಚ್ಛತೆ ಪೂರ್ತಿಯಾಗುವುದಿಲ್ಲ. ಹೊರಗೆ ಕೀವು ಕಾಣದಿದ್ದರೂ ಒಳಗೆ ಜಗಳ ನಡೆಯುತ್ತಲೇ ಇರುತ್ತದೆ. ಜಗಳದ ಮನೆಯಲ್ಲಿ ಭ್ರೂಣ ನಿಲ್ಲುವುದಿಲ್ಲ.

ಹಾಗಾಗಿ ಮೂರು ವಿಷಯ ಗಮನಿಸಿ:

- ಕರು ಹಾಕಿ 60 ದಿನ ಕಳೆದ ಮೇಲೆ ಬರುವ ಬೆದೆಗೆ ಸೂಜಿ ಹಾಕಿಸಿ. ಅದಕ್ಕೂ ಮೊದಲಿನ ಬೆದೆಯ ದಿನಾಂಕ ಬರೆದಿಟ್ಟುಕೊಳ್ಳಿ.
- ಬೆದೆಯ ಲೋಳೆಯನ್ನು ನೋಡಿ. ಗಾಜಿನಂತೆ ತಿಳಿಯಾಗಿ ದಾರದಂತೆ ಇಳಿಯುತ್ತಿದ್ದರೆ ಒಳ್ಳೆಯದು. ಮಬ್ಬಾಗಿದ್ದರೆ, ಬಿಳಿ ಚೂರು ಇದ್ದರೆ, ವಾಸನೆ ಬಂದರೆ ಆ ಬೆದೆಗೆ ಸೂಜಿ ಬೇಡ. ಮೊದಲು ಚಿಕಿತ್ಸೆ ಆಗಲಿ. ಇದನ್ನು ಗರ್ಭಧಾರಣೆ ಕಾರ್ಯಕರ್ತರಿಗೆ ನೀವೇ ಹೇಳಬೇಕು, ಏಕೆಂದರೆ ದಿನವಿಡೀ ಹಸುವಿನ ಜೊತೆ ಇರುವವರು ನೀವು.
- ಮೂರು ಸಲ ತಿರುಗಿದ ಹಸುವಿಗೆ ನಾಲ್ಕನೆಯ ಸೂಜಿ ಹಾಕಿಸುವ ಮೊದಲು ಪಶುವೈದ್ಯರಿಂದ ಗರ್ಭಕೋಶದ ಪರೀಕ್ಷೆ ಆಗಲೇಬೇಕು. ಮೂರು ಬೆದೆ ತಪ್ಪಿದರೆ 63 ದಿನ. ಎರಡು ತಿಂಗಳಿಗೂ ಹೆಚ್ಚು ಕಾಲ ಮುಂದಿನ ಹಾಲು ಹಿಂದಕ್ಕೆ ಹೋದ ಹಾಗೆ.

ಭ್ರೂಣಕ್ಕೆ ಮೊದಲ ದಿನಗಳಲ್ಲಿ ಬಿಸಿಲಿನ ಝಳವೂ ಆಗುವುದಿಲ್ಲ. ಬೇಸಿಗೆಯಲ್ಲಿ ಸೂಜಿ ಹಾಕಿಸಿದ ಹಸುವನ್ನು ನೆರಳಲ್ಲಿ ಕಟ್ಟಿ, ಕುಡಿಯಲು ನೀರು ಸದಾ ಸಿಗುವಂತೆ ಮಾಡಿ.

ನಡುವಿನ ತಿಂಗಳುಗಳು: ಒಪ್ಪಂದದ ಕಾಲ

ಹಸುವಿನ ಕಸವನ್ನು ನೀವು ಬಿಡಿಸಿ ನೋಡಿದ್ದರೆ ಅದರ ಮೇಲೆ ಹೂವಿನಂಥ ಗುಂಡಿಗಳು ಇರುವುದು ಗೊತ್ತಿರುತ್ತದೆ. ಸಾಮಾನ್ಯವಾಗಿ 75ರಿಂದ 120 ಗುಂಡಿಗಳಿರುತ್ತವೆ. ಗರ್ಭಕೋಶದ ಗೋಡೆಯಲ್ಲೂ ಅದಕ್ಕೆ ಸರಿಯಾಗಿ ಗುಬುಟುಗಳಿವೆ. ರವಿಕೆಯ ಗುಂಡಿ ಹಾಕಿದ ಹಾಗೆ ಎರಡೂ ಕೂಡಿಕೊಂಡಿರುತ್ತವೆ. ಕರುವಿಗೆ ಆಹಾರ, ಆಮ್ಲಜನಕ ಹೋಗುವುದು ಇಲ್ಲಿಂದಲೇ.

ಈ ಜಾಗದಲ್ಲಿ ಎರಡು ಏರ್ಪಾಡುಗಳಿವೆ. ಕರುವಿನ ಕಡೆಯ ಜೀವಕೋಶಗಳು ತಮ್ಮ ಗುರುತಿನ ಚೀಟಿಯನ್ನು, ಅಂದರೆ ತಂದೆಯ ಕಡೆಯಿಂದ ಬಂದ ಗುರುತನ್ನು, ಹೊರಗೆ ತೋರಿಸುವುದಿಲ್ಲ. ತಾಯಿಯ ಕಡೆ ಮ್ಯಾಕ್ರೋಫೇಜ್ ಎಂಬ ಬಿಳಿ ಕಣಗಳು ಗರ್ಭಕೋಶದ ಗೋಡೆಯಲ್ಲಿ ಹೆಚ್ಚಾಗಿ ಬಂದು ನೆಲೆಸುತ್ತವೆ. ಬಂದದ್ದು ಜಗಳಕ್ಕಲ್ಲ. ಸತ್ತ ಜೀವಕೋಶ ತೆಗೆಯುವುದು, ರೋಗಾಣು ಬಂದರೆ ತಡೆಯುವುದು ಅವುಗಳ ಕೆಲಸ.

ಗಬ್ಬದ ಹಸುವಿಗೆ ರೋಗನಿರೋಧಕ ಶಕ್ತಿಯೇ ಇರುವುದಿಲ್ಲ ಎಂದು ತಿಳಿಯಬೇಡಿ. ಈ ಒಪ್ಪಂದ ಗರ್ಭಕೋಶಕ್ಕೆ ಸೇರಿದ್ದು. ಉಳಿದ ಮೈ ಎಚ್ಚರವಾಗಿಯೇ ಇರುತ್ತದೆ. ಲಸಿಕೆ ಹಾಕುವವರು ಬಂದಾಗ ಹಸು ಎಷ್ಟು ತಿಂಗಳ ಗಬ್ಬ ಎಂದು ಸರಿಯಾಗಿ ಹೇಳಿ, ಯಾವುದು ಹಾಕಬೇಕೆಂದು ಅವರು ನಿರ್ಧರಿಸುತ್ತಾರೆ.

ಇನ್ನೊಂದು ಮುಖ್ಯ ವಿಷಯ: ಹಸುವಿನ ರಕ್ತ ಮತ್ತು ಕರುವಿನ ರಕ್ತ ಬೆರೆಯುವುದಿಲ್ಲ, ನಡುವಿನ ಪದರಗಳೂ ದಪ್ಪ. ನಿಮ್ಮ ಮಗು ಹೊಟ್ಟೆಯಲ್ಲಿದ್ದಾಗಲೇ ನಿಮ್ಮಿಂದ ರೋಗ ತಡೆಯುವ ಪ್ರತಿಕಾಯಗಳನ್ನು ಪಡೆದಿರುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಅದು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಪ್ರತಿಕಾಯ ಸಿಗುವುದು ಗಿಣ್ಣು ಹಾಲಿನಿಂದ ಮಾತ್ರ. ಅದರಲ್ಲಿ ತಾಯಿಯ ಬಿಳಿ ರಕ್ತಕಣಗಳೂ ಇರುತ್ತವೆ. ಕರುವಿನ ಕರುಳು ಪ್ರತಿಕಾಯಗಳನ್ನು ಹಾಗೇ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಚೆನ್ನಾಗಿ, ಆಮೇಲೆ ಕಡಿಮೆಯಾಗುತ್ತಾ 24 ಗಂಟೆಗೆ ಬಾಗಿಲು ಮುಚ್ಚುತ್ತದೆ. ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 30 ಕೆ.ಜಿ. ಕರುವಿಗೆ 3 ಲೀಟರ್, ಮೊದಲ ದಿನ ಹೋಗಲೇಬೇಕು. ಅದರಲ್ಲಿ ಅರ್ಧವಾದರೂ ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಿ.

ಕಸ ಬೀಳುವವರೆಗೆ ಗಿಣ್ಣು ಕುಡಿಸಬಾರದು ಎಂಬ ನಂಬಿಕೆ ಇನ್ನೂ ಎಷ್ಟೋ ಊರುಗಳಲ್ಲಿದೆ. ದಯವಿಟ್ಟು ಬಿಡಿ. ಕಸಕ್ಕಾಗಿ ಕಾದ ಒಂದೊಂದು ಗಂಟೆಯೂ ಕರುವಿನ ನಷ್ಟ. ಕರು ಮೊಲೆ ಚೀಪಿದರೆ ಗರ್ಭಕೋಶ ಕುಗ್ಗಲು ಸಹಾಯವೇ ಆಗುತ್ತದೆ.

ಕಾವಲುಗಾರನೊಳಗೇ ಅಡಗುವ ಕಳ್ಳ

ಕಂದು ರೋಗ, ಅಂದರೆ ಬ್ರೂಸೆಲ್ಲಾ, ಈ ಒಪ್ಪಂದವನ್ನು ದುರುಪಯೋಗ ಮಾಡಿಕೊಳ್ಳುವ ರೋಗಾಣು. ಮ್ಯಾಕ್ರೋಫೇಜ್ ಕಣ ಅದನ್ನು ನುಂಗಿದರೂ ಸಾಯದೆ, ಆ ಕಣದ ಒಳಗೇ ಬದುಕುತ್ತದೆ. ಹಸು ಗಬ್ಬವಾದಾಗ ಕಸದ ಜೀವಕೋಶಗಳಿಗೆ ಸೇರಿ ಅಲ್ಲಿ ಮಿತಿಮೀರಿ ಬೆಳೆಯುತ್ತದೆ. ಐದು ತಿಂಗಳು ದಾಟಿದ ಮೇಲೆ ಹಸು ಕಂದು ಹಾಕುತ್ತದೆ, ಹೆಚ್ಚಾಗಿ ಕಸವೂ ಉಳಿದುಕೊಳ್ಳುತ್ತದೆ.

ಈ ರೋಗ ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ನೋವು, ಸುಸ್ತು ಇದರ ಲಕ್ಷಣ. ಹಸುವಿನ ಹೆರಿಗೆ ಮಾಡಿಸುವವರು, ಕಸ ಎತ್ತುವವರು, ಕೊಟ್ಟಿಗೆ ತೊಳೆಯುವವರು ಹೆಚ್ಚಾಗಿ ಹೆಂಗಸರೇ. ಆದ್ದರಿಂದ ಅಪಾಯವೂ ನಿಮಗೇ ಹೆಚ್ಚು. ಕಂದು ಹಾಕಿದ ಕರು, ಕಸ, ದ್ರವವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಹಾಕಿಕೊಳ್ಳಿ. ಗರ್ಭಿಣಿಯರು, ಕೈಯಲ್ಲಿ ಗಾಯ ಇರುವವರು ಹತ್ತಿರ ಹೋಗಲೇಬಾರದು. ಕಸವನ್ನು ಆಲದ ಮರಕ್ಕೆ ಕಟ್ಟುವ ರೂಢಿ ಕೆಲವೆಡೆ ಇದೆ. ಕಂದು ಹಾಕಿದ ಹಸುವಿನ ಕಸವನ್ನು ಮಾತ್ರ ಹಾಗೆ ಮಾಡಬೇಡಿ, ನಾಯಿಗೂ ಸಿಗಬಾರದು. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಹಾಲನ್ನು ಕಾಯಿಸದೆ ಕುಡಿಯಬೇಡಿ. ಜ್ವರ ಬಂದರೆ "ನಮ್ಮ ಹಸು ಕಂದು ಹಾಕಿತ್ತು" ಎಂದು ನಿಮ್ಮ ವೈದ್ಯರಿಗೆ ತಪ್ಪದೆ ತಿಳಿಸಿ.

ಇದಕ್ಕೆ ಲಸಿಕೆ ಇದೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಹಾಕಿಸಿದರೆ ಸಾಕು. ಗಂಡು ಕರುವಿಗೆ, ಗಬ್ಬದ ಹಸುವಿಗೆ ಇದನ್ನು ಹಾಕುವುದಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯ ಜೊತೆಗೆ ಇದೂ ಉಚಿತ. 8 ತಿಂಗಳು ದಾಟಿದರೆ ಅವಕಾಶ ತಪ್ಪಿದಂತೆ.

ಕರು ಹಾಕುವ ದಿನ: ಒಪ್ಪಂದ ಮುಗಿಯಿತು

ದಿನ ತುಂಬುತ್ತಿದ್ದಂತೆ ಕರುವಿನ ಮೈಯಿಂದಲೇ ಹೆರಿಗೆಯ ಸೂಚನೆ ಹೊರಡುತ್ತದೆ. ಕರುವಿನ ದೇಹದಲ್ಲಿ ಕಾರ್ಟಿಸೋಲ್ ಏರಿ, ತಾಯಿಯ ಪ್ರೊಜೆಸ್ಟರಾನ್ ಇಳಿಯುತ್ತದೆ. ಇಷ್ಟು ತಿಂಗಳು ಮುಚ್ಚಿಟ್ಟಿದ್ದ ಗುರುತಿನ ಚೀಟಿಯನ್ನು ಕಸದ ಜೀವಕೋಶಗಳು ಕೊನೆಯ ಕಾಲದಲ್ಲಿ ತೋರಿಸತೊಡಗುತ್ತವೆ. ಈಗ ತಾಯಿಯ ಬಿಳಿ ರಕ್ತಕಣಗಳು ಕಸವನ್ನು ಹೊರಗಿನದೆಂದು ಗುರುತಿಸುತ್ತವೆ. ನ್ಯೂಟ್ರೋಫಿಲ್‌ಗಳು ಬಂದು ಗುಂಡಿಗಳ ನಡುವಿನ ಅಂಟನ್ನು ಕರಗಿಸುತ್ತವೆ. ಗುಂಡಿ ಬಿಚ್ಚಿಕೊಳ್ಳುತ್ತದೆ, ಕಸ ಬೀಳುತ್ತದೆ. ಸಾಮಾನ್ಯವಾಗಿ ಕರು ಹಾಕಿ 3ರಿಂದ 8 ಗಂಟೆಯಲ್ಲಿ, ಹೆಚ್ಚೆಂದರೆ 12 ಗಂಟೆಯೊಳಗೆ.

ಅಮೆರಿಕದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಆಮೇಲೆ ಕಸ ನಿಂತ ಹಸುಗಳ ನ್ಯೂಟ್ರೋಫಿಲ್‌ಗಳು ಕರು ಹಾಕುವ ಮೊದಲೇ ದುರ್ಬಲವಾಗಿದ್ದವು. ಅಂದರೆ ಕಸ ನಿಲ್ಲುವ ತೊಂದರೆ ಕಾಣುವುದು ಹೆರಿಗೆಯ ದಿನ, ಶುರುವಾಗುವುದು ಅದಕ್ಕೂ ಮುಂಚೆ. ಅದೇ ದುರ್ಬಲ ಕಣಗಳು ಆಮೇಲೂ ಕೆಲವು ದಿನ ದುರ್ಬಲವಾಗಿಯೇ ಇರುತ್ತವೆ. ಕಸ ನಿಂತ ಹಸುವಿಗೆ ಗರ್ಭಕೋಶದ ಕೀವು, ಕೆಚ್ಚಲು ಬಾವು ಜಾಸ್ತಿ ಬರುವುದು ಇದರಿಂದಲೇ.

ಈಗ ಕೈ ಹಾಕಿ ಎಳೆಯುವ ವಿಷಯಕ್ಕೆ ಬನ್ನಿ. ಅಂಟು ಕರಗಿಲ್ಲದ ನೂರು ಗುಂಡಿಗಳನ್ನು ಎಳೆದರೆ ಬಟ್ಟೆಯೇ ಹರಿಯುತ್ತದೆ. ಗರ್ಭಕೋಶದ ಗುಬುಟು ಕಿತ್ತು ರಕ್ತ ಸುರಿಯುತ್ತದೆ, ಚೂರುಗಳು ಒಳಗೇ ಉಳಿಯುತ್ತವೆ, ಹೊರಗಿನ ಕೊಳೆ ಒಳಗೆ ಹೋಗುತ್ತದೆ. ಕಲ್ಲು, ಚಪ್ಪಲಿ ಕಟ್ಟಿ ಜಗ್ಗಿಸಿದರೂ ಇದೇ ಗತಿ. ನಿಮ್ಮ ಕರೆಗೆ ಬಂದ ಡಾಕ್ಟರ್ ಕೈ ಹಾಕದೆ, ಜ್ವರ ನೋಡಿ, ಔಷಧಿ ಬರೆದು ಹೋದರೆ ಕೆಲಸ ಮಾಡಲಿಲ್ಲ ಎಂದು ಬೇಸರ ಪಡಬೇಡಿ. ಹಸುವಿನ ಮುಂದಿನ ಗಬ್ಬಕ್ಕಾಗಿಯೇ ಅವರು ಹಾಗೆ ಮಾಡಿರುತ್ತಾರೆ. ಬಿಟ್ಟ ಕಸ ಸಾಮಾನ್ಯವಾಗಿ ಐದರಿಂದ ಹತ್ತು ದಿನದಲ್ಲಿ ತಾನೇ ಕಳಚಿ ಬೀಳುತ್ತದೆ.

ನಿಮ್ಮ ಕೆಲಸ ಕಾಯುವುದು ಮತ್ತು ಅಳೆಯುವುದು. ಹತ್ತು ದಿನ ಬೆಳಿಗ್ಗೆ, ಸಂಜೆ ಥರ್ಮಾಮೀಟರ್ ಇಟ್ಟು ನೋಡಿ. ಹಸುವಿನ ಸಹಜ ಉಷ್ಣತೆ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. 103 ದಾಟಿದರೆ, ಮೇವು ಬಿಟ್ಟರೆ, ಕೆಟ್ಟ ವಾಸನೆಯ ನೀರಿನಂಥ ದ್ರವ ಬಂದರೆ ಅದೇ ದಿನ ಡಾಕ್ಟರನ್ನು ಕರೆಸಿ. ಆಗ ತಡಮಾಡಿದರೆ ವಿಷ ರಕ್ತಕ್ಕೇರಿ ಹಸುವಿನ ಜೀವಕ್ಕೇ ಕುತ್ತು.

ಕಣಗಳಿಗೆ ಬಲ ತುಂಬುವುದು ಕೊನೆಯ ಎರಡು ತಿಂಗಳಲ್ಲಿ

ಹಾಲು ಬತ್ತಿಸಿ: ಏಳು ತಿಂಗಳು ತುಂಬಿದ ಮೇಲೆ ಕರೆಯುವುದನ್ನು ನಿಲ್ಲಿಸಿ, 60 ದಿನ ವಿಶ್ರಾಂತಿ ಕೊಡಿ. ಇನ್ನೂ ಎರಡು ಲೀಟರ್ ಸಿಗುತ್ತದಲ್ಲ ಎಂಬ ಆಸೆ ಮುಂದಿನ ಸೂಲಿನಲ್ಲಿ ದುಬಾರಿಯಾಗುತ್ತದೆ.

ಹೊಟ್ಟೆ ಖಾಲಿ ಬಿಡಬೇಡಿ: ಕೊನೆಯ ಮೂರು ವಾರ ಹಸು ಮೇವು ತಿನ್ನುವುದು ಕಡಿಮೆಯಾಗುತ್ತದೆ. ಮೈ ಕೊಬ್ಬು ಕರಗಿ ರಕ್ತಕ್ಕೆ ಬಂದಷ್ಟೂ ಬಿಳಿ ಕಣಗಳು ಸೋಲುತ್ತವೆ. ಒಳ್ಳೆಯ ಹಸಿರು ಮೇವು, ಸ್ವಲ್ಪ ಸ್ವಲ್ಪವಾಗಿ ಏರಿಸುವ ಪಶು ಆಹಾರ ಕೊಡಿ. ಹಸು ಅತಿಯಾಗಿ ಕೊಬ್ಬಿರಲೂ ಬಾರದು.

ಖನಿಜ, ವಿಟಮಿನ್: ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ತಾಮ್ರ, ಸತು, ಸೆಲೆನಿಯಂ, ವಿಟಮಿನ್ 'ಇ' ಬಿಳಿ ಕಣಗಳ ಆಯುಧವಿದ್ದ ಹಾಗೆ. ಹಸಿರು ಮೇವಿನಲ್ಲಿ ವಿಟಮಿನ್ 'ಇ' ಹೇರಳ, ಒಣ ಹುಲ್ಲಿನಲ್ಲಿ ತೀರಾ ಕಡಿಮೆ. ಬರೀ ಒಣ ಹುಲ್ಲಿನ ಮೇಲೆ ಬೇಸಿಗೆ ಕಳೆದ ಹಸುವಿಗೆ ಇಂಜೆಕ್ಷನ್ ಬೇಕೇ ಎಂದು ಡಾಕ್ಟರನ್ನು ಕೇಳಿ. ಸೆಲೆನಿಯಂ ಹೆಚ್ಚಾದರೆ ವಿಷ, ಅಂಗಡಿಯಿಂದ ತಂದು ನೀವೇ ಕೊಡಬೇಡಿ.

ಕ್ಯಾಲ್ಸಿಯಂ: ಬಿಳಿ ರಕ್ತಕಣ ಕೆಲಸ ಶುರುಮಾಡಲು ಕ್ಯಾಲ್ಸಿಯಂ ಬೇಕು. ಗಿಣ್ಣು ಇಳಿಯುವಾಗ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಹಾಲು ಜ್ವರ ಬಂದ ಹಸುವಿನಲ್ಲಿ ಕಸ ನಿಲ್ಲುವುದು ಹೆಚ್ಚು. ಆದರೆ ಕರು ಹಾಕುವ ಮೊದಲೇ ಬಾಟಲಿಗಟ್ಟಲೆ ಕ್ಯಾಲ್ಸಿಯಂ ಟಾನಿಕ್ ಕುಡಿಸಿದರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಅಭ್ಯಾಸವೇ ದೇಹಕ್ಕೆ ತಪ್ಪಿ ಹಾಲು ಜ್ವರ ಜಾಸ್ತಿಯಾಗುತ್ತದೆ. ಟಾನಿಕ್ ಕರು ಹಾಕಿದ ಮೇಲಿರಲಿ.

ಸ್ಟೀರಾಯ್ಡ್ ಎಚ್ಚರ: ಕುಂಟು, ಬಾವು ಎಂದು ಯಾರೋ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಿಳಿ ಕಣಗಳನ್ನು ಕುಗ್ಗಿಸುತ್ತದೆ, ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದನ್ನೂ ಹಾಕಿಸಬಹುದು. ಸೂಜಿ ಹಿಡಿದು ಬಂದವರು ಯಾರೇ ಆಗಲಿ, ಮೊದಲು "ಹಸು ಗಬ್ಬ" ಎಂದು ಹೇಳಿ.

ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ

- ಸೂಜಿ ಹಾಕಿಸಿದ ದಿನ ಮತ್ತು ವೀರ್ಯ ಕಡ್ಡಿಯ ಮೇಲಿನ ಹೋರಿ ಸಂಖ್ಯೆ
- 21ನೇ ದಿನ: ಬೆದೆ ತಿರುಗಿತೇ ನೋಡಬೇಕು
- ಎರಡೂವರೆಯಿಂದ ಮೂರು ತಿಂಗಳು: ಗಬ್ಬ ಪರೀಕ್ಷೆ
- ಏಳು ತಿಂಗಳು ತುಂಬಿದ ದಿನ: ಹಾಲು ಬತ್ತಿಸುವುದು
- ಸುಮಾರು 280ನೇ ದಿನ: ಕರು ಹಾಕುವ ನಿರೀಕ್ಷೆ
- ಕರು ಹಾಕಿದ ಗಂಟೆ: ಅಲ್ಲಿಂದ ಒಂದೆರಡು ಗಂಟೆಯೊಳಗೆ ಗಿಣ್ಣು, 12 ಗಂಟೆಗೆ ಕಸ ಬೀಳದಿದ್ದರೆ ಡಾಕ್ಟರಿಗೆ ಫೋನು
- ಹೆಣ್ಣು ಕರುವಿಗೆ 4 ತಿಂಗಳು ತುಂಬುವ ದಿನ: ಕಂದು ರೋಗದ ಲಸಿಕೆ

ನಾಳೆ ಡೇರಿಗೆ ಹಾಲು ಹಾಕಲು ಹೋದಾಗ, ನಿಮ್ಮ ಮನೆಯಲ್ಲಿ 4ರಿಂದ 8 ತಿಂಗಳ ಹೆಣ್ಣು ಕರು ಇದ್ದರೆ ಸಂಘದ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿ ಬನ್ನಿ. ಪಕ್ಕದ ಮನೆಯವರಿಗೂ ಹೇಳಿ. ಮೂರು ಸಲ ತಿರುಗಿದ ಹಸು ಇದ್ದರೆ ಅದರ ದಿನಾಂಕಗಳನ್ನೂ ಜೊತೆಗೆ ತನ್ನಿ. ನಾವು ಊರಿಗೆ ಬಂದಾಗ ಮೊದಲು ಅದನ್ನೇ ನೋಡುತ್ತೇವೆ.

— ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ